ದಾರದಿಂದ ಸೂಜಿಯವರೆಗೆ: ಗದ್ದದ ಕೂದಲಿನೊಡನೆ ಕಳೆದ ವರ್ಷಗಳು

ಕಳೆದ ತಿಂಗಳ ಎರಡನೆಯ ಶನಿವಾರ, ಬೆಂಗಳೂರಿನ ಒಂದು ಚಿಕ್ಕ ಕೋಣೆಯಲ್ಲಿ, ಭೂತಗನ್ನಡಿ ಹೊತ್ತ ದೀಪದ ಕೆಳಗೆ ಮಲಗಿದ್ದ ನನ್ನ ಗದ್ದವನ್ನು ಇಪ್ಪತ್ತು ನಿಮಿಷ ಹುಡುಕಿ ಮೂರೇ ಮೂರು ಕೂದಲು ಕಂಡ ಎಲೆಕ್ಟ್ರಾಲಜಿಸ್ಟ್ (ಸೂಜಿಯಿಂದ ವಿದ್ಯುತ್ ಹಾಯಿಸಿ ಕೂದಲು ತೆಗೆಯುವವರು), ಅವನ್ನೂ ಸುಟ್ಟು ತೆಗೆದು, "ಇನ್ನು ನೀವು ಬರಬೇಕಾಗಿಲ್ಲ ಮೇಡಂ" ಎಂದರು. ಗದ್ದಕ್ಕೂ ಗಡ್ಡಕ್ಕೂ ಕನ್ನಡದಲ್ಲಿ ಇರುವುದು ಒಂದೇ ಅಕ್ಷರದ ಅಂತರ. ಆ ಅಂತರವನ್ನು ಕಾಯ್ದುಕೊಳ್ಳಲು ನಾನು ಹನ್ನೊಂದು ವರ್ಷ ಹೆಣಗಿದ್ದೇನೆ. ಅದರಲ್ಲಿ ಮೊದಲ ಏಳು ವರ್ಷ ತಪ್ಪು ದಾರಿಯಲ್ಲಿ, ಉಳಿದ ನಾಲ್ಕು ವರ್ಷ ಸರಿಯಾದ ದಾರಿಯಲ್ಲಿ, ಆದರೆ ಬಹಳ ನಿಧಾನವಾಗಿ. ಆ ಏಳು ವರ್ಷ ಬೇರೆ ಯಾರಿಗೂ ವ್ಯರ್ಥವಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

2013ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಧಾರವಾಡದ ನಮ್ಮ ಮನೆಯ ಕನ್ನಡಿಯ ಮುಂದೆ ನಿಂತಾಗ ಗದ್ದದ ಎಡಬದಿಗೆ ಒಂದು ಕಪ್ಪು ಗಡುಸು ಕೂದಲು ಕಂಡಿತು. ಚಿಮಟದಿಂದ ಕಿತ್ತೆ. ತಿಂಗಳ ಹೊತ್ತಿಗೆ ಅದು ಮತ್ತೆ ಬಂದಿತು, ಜೊತೆಗೆ ಇನ್ನೊಂದನ್ನು ಕರೆತಂದಿತು. ಅವ್ವನಿಗೆ ತೋರಿಸಿದಾಗ ಅವಳು ಕೊಟ್ಟದ್ದು ಒಂದೇ ಎಚ್ಚರಿಕೆ: "ಬ್ಲೇಡ್ ಮಾತ್ರ ಹಚ್ಚಬ್ಯಾಡ ನೋಡವಾ, ಆಮ್ಯಾಲ ಗಂಡಸರ ಗಡ್ಡದಂಗ ದಪ್ಪಗ ಬರ್ತಾವ." ಈ ನಂಬಿಕೆ ಅವಳೊಬ್ಬಳದಲ್ಲ. ಕೂಸಿಗೆ ಜಾವಳ ತೆಗೆಸುವಾಗ "ಬೋಳಿಸಿದರ ದಟ್ಟಗ ಬರ್ತಾವ" ಎಂದು ಸಂತೋಷದಿಂದ ಹೇಳುವ ಮಾತನ್ನೇ ಹೆಣ್ಣುಮಕ್ಕಳ ಮುಖದ ವಿಷಯ ಬಂದಾಗ ಭಯದಿಂದ ಹೇಳುತ್ತೇವೆ. ಕೂಸಿನ ಮೃದುವಾದ ಕೂದಲು ಉದುರಿ ಗಟ್ಟಿ ಕೂದಲು ಬರುವುದು ಆ ವಯಸ್ಸಿನಲ್ಲಿ ಹೇಗೂ ನಡೆಯುವ ಕ್ರಿಯೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಆದ್ದರಿಂದ ರೇಜರನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿದೆ. ಕಸ್ತೂರಿ ಅರಿಶಿನ ಮತ್ತು ಕಡಲೆಹಿಟ್ಟನ್ನು ಹಾಲಿನಲ್ಲಿ ಕಲಸಿ ಹಚ್ಚಿದೆ. ಮುಖ ಹಳದಿಯಾಯಿತು, ಕೂದಲು ಹಾಗೆಯೇ ಇತ್ತು. ಬ್ಲೀಚ್ ಮಾಡಿಸಿದೆ, ಕಪ್ಪು ಕೂದಲು ಕೆಂಚಗಾಗಿ, ಬಿಸಿಲಿನಲ್ಲಿ ಇನ್ನಷ್ಟು ಹೊಳೆಯಿತು. ಒಮ್ಮೆ ಕೂದಲು ತೆಗೆಯುವ ಕ್ರೀಮ್ ಹಚ್ಚಿದೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ಕ್ಷಾರೀಯ ಲವಣವು ಕೂದಲಿನ ಕೆರಾಟಿನ್ ಪ್ರೋಟೀನಿನ ಗಂಧಕದ ಕೊಂಡಿಗಳನ್ನು ಮುರಿಯುತ್ತದೆ. ಆದರೆ ನಮ್ಮ ಚರ್ಮದ ಮೇಲ್ಪದರವೂ ಕೆರಾಟಿನ್ನಿನದೇ. ಡಬ್ಬಿಯ ಮೇಲೆ ಬರೆದಿದ್ದ ಸಮಯವನ್ನು ಮೂರು ನಿಮಿಷ ಮೀರಿದ್ದಕ್ಕೆ ಒಂದು ವಾರ ಗದ್ದ ಉರಿಯಿತು. ಕ್ರೀಮ್ ಕೂದಲಿನ ಬುಡವನ್ನು ಮುಟ್ಟುವುದೇ ಇಲ್ಲ. ಅದೂ ಒಂದು ಬಗೆಯಲ್ಲಿ ಕತ್ತರಿಸಿದಂತೆಯೇ.

ಕೊನೆಗೆ ನೆಲೆ ನಿಂತದ್ದು ಪಾರ್ಲರಿನ ದಾರದ ಮೇಲೆ. ಮೊದಲು ತಿಂಗಳಿಗೊಮ್ಮೆ, ನಂತರ ಹದಿನೈದು ದಿನಕ್ಕೊಮ್ಮೆ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲೆ ಎಂಟು ದಿನಕ್ಕೊಮ್ಮೆ. ದಾರ ಹಾಕಿಸಿದ ಮೂರನೆಯ ದಿನವೇ ಹೊಸ ಮೊಳಕೆ ಕಾಣುತ್ತಿತ್ತು. ಕಿತ್ತಷ್ಟೂ ಬೇಗ ಬರುತ್ತಿದೆ ಎಂದು ನಾನು ತಿಳಿದಿದ್ದೆ. ಇದು ಏಕೆ ತಪ್ಪು ಎಂಬುದನ್ನು ಬಹಳ ವರ್ಷಗಳ ನಂತರ ಚರ್ಮವೈದ್ಯರು ಒಂದು ಔಷಧ ಚೀಟಿಯ ಹಿಂಬದಿಗೆ ಚಿತ್ರ ಬರೆದು ತಿಳಿಸಿದರು. ಪ್ರತಿಯೊಂದು ಕೂದಲಿಗೂ ತನ್ನದೇ ಆದ ಗಡಿಯಾರವಿದೆ: ಬೆಳೆಯುವ ಕಾಲ, ಎರಡು ಮೂರು ವಾರಗಳ ಕುಗ್ಗುವ ಕಾಲ, ತಿಂಗಳುಗಟ್ಟಲೆ ಸುಮ್ಮನಿರುವ ಕಾಲ. ತಲೆಗೂದಲು ಎರಡರಿಂದ ಆರು ವರ್ಷ ಬೆಳೆಯುತ್ತಲೇ ಇರುತ್ತದೆ. ಮೈಮೇಲಿನ ಕೂದಲು ಕೆಲವೇ ತಿಂಗಳು. ಅಕ್ಕಪಕ್ಕದ ಎರಡು ಕೂದಲುಗಳ ಗಡಿಯಾರ ಒಂದೇ ಹೊತ್ತನ್ನು ತೋರಿಸುವುದಿಲ್ಲ. ಬುಡಸಮೇತ ಕಿತ್ತ ಕೂದಲು ಹೊರಗೆ ಕಾಣಲು ವಾರಗಳೇ ಬೇಕು. ಮೂರನೆಯ ದಿನ ನಾನು ಕಾಣುತ್ತಿದ್ದದ್ದು, ದಾರ ಹಾಕಿಸಿದ ದಿನ ಚರ್ಮದ ಒಳಗೇ ಇದ್ದ ಬೇರೆ ಕೂದಲುಗಳನ್ನು. ಕೀಳುವುದರಿಂದ ಬುಡದ ಕೋಶಗಳು ಸಾಯುವುದಿಲ್ಲ. ಅವು ಮತ್ತೆ ಹೊಸ ಕೂದಲನ್ನು ಕಟ್ಟುತ್ತವೆ. ಸಂಖ್ಯೆ ಏರುತ್ತಿದ್ದುದಕ್ಕೆ ಕಾರಣ ದಾರವಲ್ಲ, ರಕ್ತದಲ್ಲಿತ್ತು. ಆ ಮಾತು ಮುಂದೆ ಬರುತ್ತದೆ. ದಾರ ಮಾಡಿದ ನಿಜವಾದ ಹಾನಿ ಬೇರೆ: ಅರ್ಧಕ್ಕೆ ತುಂಡಾಗಿ ಚರ್ಮದ ಒಳಗೇ ಸುರುಳಿ ಸುತ್ತಿಕೊಂಡ ಕೂದಲು, ಅದರ ಸುತ್ತ ಕೀವು, ಆಮೇಲೆ ಉಳಿಯುವ ಕಪ್ಪು ಕಲೆ. ನನ್ನಂಥ ಕಂದು ಮೈಬಣ್ಣದವರಿಗೆ ಕೂದಲಿಗಿಂತ ಆ ಕಲೆಯೇ ಹೆಚ್ಚು ಕಾಲ ಕಾಡುತ್ತದೆ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾಯಿತು, ಪಾರ್ಲರ್ ಮುಚ್ಚಿತು. ಎರಡು ವಾರ ಚಿಮಟದಿಂದ ಕಿತ್ತು ಕಿತ್ತು ಗದ್ದ ಊದಿಕೊಂಡ ಮೇಲೆ, ಒಂದು ರಾತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಪ್ಪನ ಪೊಟ್ಟಣದಿಂದ ಒಂದು ಹೊಸ ರೇಜರ್ ತೆಗೆದುಕೊಂಡೆ. ಕಳ್ಳತನ ಮಾಡಿದಷ್ಟೇ ಅಂಜಿಕೆಯಾಗಿತ್ತು. ಅಂಜಿಕೆಯ ಜೊತೆಗೆ ಒಂದು ಹಟವೂ ಇತ್ತು: ನಾನು ಭೌತಶಾಸ್ತ್ರ ಕಲಿಸುವವಳು, ಪರೀಕ್ಷಿಸದೆ ಏಕೆ ನಂಬಬೇಕು? ಬಲಬದಿಗೆ ರೇಜರ್, ಎಡಬದಿಗೆ ಎಂದಿನಂತೆ ಚಿಮಟ ಎಂದು ನಾಲ್ಕು ತಿಂಗಳು ನಡೆಸಿದೆ. ಹೇಗೂ ಮನೆಯ ಹೊರಗೆ ಮಾಸ್ಕ್ ಇತ್ತು. ನನ್ನ ಬದುಕಿನಲ್ಲಿ ಮುಖದ ಬಗ್ಗೆ ಅಷ್ಟು ನಿಶ್ಚಿಂತಳಾಗಿದ್ದ ಕಾಲ ಮತ್ತೊಂದಿಲ್ಲ. ಬಲಬದಿಯಲ್ಲಿ ಮರುದಿನವೇ ಒರಟು ಮೊಳಕೆ ಕೈಗೆ ಹತ್ತುತ್ತಿತ್ತು, ನಿಜ. ಆದರೆ ನಾಲ್ಕು ತಿಂಗಳ ನಂತರ ಎರಡೂ ಬದಿಯನ್ನು ಹತ್ತು ದಿನ ಹಾಗೆಯೇ ಬಿಟ್ಟು ಕಂಡ ಕೂದಲುಗಳನ್ನು ಎಣಿಸಿದರೆ ಬಲಕ್ಕೆ ಇಪ್ಪತ್ತಾರು, ಎಡಕ್ಕೆ ಇಪ್ಪತ್ತನಾಲ್ಕು. ಒಂದೊಂದನ್ನು ಕಿತ್ತು ಕಾಗದದ ಮೇಲಿಟ್ಟು ಲೆನ್ಸಿನಿಂದ ನೋಡಿದೆ. ದಪ್ಪದಲ್ಲಿ ವ್ಯತ್ಯಾಸ ಕಾಣಲಿಲ್ಲ.

ನನ್ನ ಪ್ರಯೋಗಕ್ಕೆ ಶಾಸ್ತ್ರದ ಬೆಲೆ ಇಲ್ಲ, ಆದರೆ ಬೆಲೆಯುಳ್ಳ ಪ್ರಯೋಗಗಳು ಎಂದೋ ಆಗಿಹೋಗಿದ್ದವು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅಂಗರಚನಾಶಾಸ್ತ್ರಜ್ಞೆಯಾಗಿದ್ದ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಗಡ್ಡ ಬೋಳಿಸಿಕೊಳ್ಳುವವರ ಕೂದಲನ್ನು ಅಳೆದು, ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಹೆಚ್ಚುವುದಿಲ್ಲವೆಂದು ತೋರಿಸಿದ್ದರು. 1970ರ ಇನ್ನೊಂದು ಅಧ್ಯಯನದಲ್ಲಿ ಐವರು ಯುವಕರು ಹಲವು ತಿಂಗಳು ವಾರಕ್ಕೊಮ್ಮೆ ಒಂದು ಕಾಲನ್ನು ಮಾತ್ರ ಬೋಳಿಸಿಕೊಂಡರು; ಎರಡು ಕಾಲುಗಳ ಕೂದಲಿನ ನಡುವೆ ವ್ಯತ್ಯಾಸ ಸಿಗಲಿಲ್ಲ. ಹಾಗಿದ್ದರೆ ಒರಟುತನವೇಕೆ? ತಾನಾಗಿ ಬೆಳೆದ ಕೂದಲಿನ ತುದಿ ಭತ್ತದ ಮುಳ್ಳಿನಂತೆ ಸಣ್ಣಗಾಗುತ್ತ ಹೋಗಿರುತ್ತದೆ. ಬ್ಲೇಡು ಅದನ್ನು ನಡುವೆ, ದಪ್ಪವಿರುವಲ್ಲಿ, ಅಡ್ಡಕ್ಕೆ ಕತ್ತರಿಸುತ್ತದೆ. ಕೊಯ್ದ ಗದ್ದೆಯ ಕೂಳೆ ಬರಿಗಾಲಿಗೆ ಚುಚ್ಚುತ್ತದೆಂದು ಭತ್ತದ ಬುಡ ದಪ್ಪವಾಯಿತು ಎನ್ನುವವರು ಯಾರೂ ಇಲ್ಲ.

ಆ ವರ್ಷದ ನವೆಂಬರಿನಲ್ಲಿ ಚರ್ಮವೈದ್ಯರ ಬಳಿ ಹೋದೆ. ಅವರು ಮುಖ ನೋಡುವ ಮೊದಲು ಕೇಳಿದ್ದು ಮುಟ್ಟಿನ ಬಗ್ಗೆ. ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ಮೂರು ತಿಂಗಳಿಗೊಮ್ಮೆ ಎಂದೆ. ಆಮೇಲೆ ನನ್ನ ನುಣುಪಾದ ಗದ್ದವನ್ನು ನೋಡಿ, ಏನೂ ಕಾಣುವುದಿಲ್ಲವಲ್ಲ ಎಂದರು. ವೈದ್ಯರಿಗೆ ತೋರಿಸುವ ದಿನವೇ ನಾನು ನಾಚಿಕೆಯಿಂದ ಕೂದಲು ತೆಗೆದುಹಾಕಿ ಹೋಗಿದ್ದೆ. ಮೂರು ವಾರ ಏನನ್ನೂ ಮುಟ್ಟದೆ ಬರಲು ಹೇಳಿದರು. ಕೂದಲು ಎಷ್ಟಿದೆಯೆಂದು ನೋಡಿ ದೇಹದ ಒಂಬತ್ತು ಭಾಗಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಫೆರಿಮನ್–ಗಾಲ್ವೇ ಎಂಬ ಪಟ್ಟಿಯಿದೆ. ಕೂದಲು ತೆಗೆದುಹಾಕಿ ಹೋದವರಿಗೆ ಆ ಅಂಕ ಹಾಕುವುದು ಸಾಧ್ಯವಾಗುವುದಿಲ್ಲ. ಮೊದಲ ಭೇಟಿಗೆ ಹೋಗುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು. ತೀರ ಆಗದಿದ್ದರೆ ಹಾಗೆಯೇ ಬಿಟ್ಟಾಗ ತೆಗೆದ ಫೋಟೋ ಒಂದನ್ನಾದರೂ ಒಯ್ಯಬೇಕು.

ಅಂಕ ಹನ್ನೊಂದು ಬಂತು, ಅಂದರೆ ಕೂದಲು ಸಾಮಾನ್ಯಕ್ಕಿಂತ ಹೆಚ್ಚೇ. ರಕ್ತಪರೀಕ್ಷೆಗೆ ಇನ್ನೊಂದು ಕಾಯುವಿಕೆ, ಏಕೆಂದರೆ ನನ್ನ ಚೀಟಿಯಲ್ಲಿದ್ದ ಹಾರ್ಮೋನುಗಳಲ್ಲಿ ಕೆಲವನ್ನು ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಅಳೆಯಬೇಕಿತ್ತು, ನನಗಾದರೋ ಮುಟ್ಟು ಯಾವಾಗ ಬರುವುದೆಂದೇ ತಿಳಿಯದು. ಬಂದದ್ದು ಆರು ವಾರಗಳ ನಂತರ, ಭಾನುವಾರ, ಲ್ಯಾಬಿಗೆ ರಜೆ. ಸೋಮವಾರ ಮುಂಜಾನೆ ಓಡಿದೆ. ಟೆಸ್ಟೋಸ್ಟಿರೋನ್, ಡಿಎಚ್‌ಇಎ ಸಲ್ಫೇಟ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಲ್‌ಎಚ್, ಎಫ್‌ಎಸ್‌ಎಚ್, ಸಕ್ಕರೆ ಎಲ್ಲ ಸೇರಿ 4,200 ರೂಪಾಯಿ. ಹೊಟ್ಟೆಯ ಸ್ಕ್ಯಾನಿಂಗಿಗೆ 1,100. ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ತೊಂದರೆ) ಎಂದು ತಿಳಿಯಿತು; ಟೆಸ್ಟೋಸ್ಟಿರೋನ್ ಮಿತಿಗಿಂತ ತುಸು ಮೇಲಿತ್ತು. ಗಂಡಸರಲ್ಲಿ ಹೆಚ್ಚಿರುವ ಈ ಹಾರ್ಮೋನು ಹೆಂಗಸರಲ್ಲೂ ಸ್ವಲ್ಪ ಇರುತ್ತದೆ. ಅದರ ಪ್ರಮಾಣ ಏರಿದರೆ, ಅಥವಾ ಪ್ರಮಾಣ ಸರಿಯಿದ್ದೂ ರೋಮಕೂಪಗಳು ಅದಕ್ಕೆ ಹೆಚ್ಚು ಸ್ಪಂದಿಸಿದರೆ, ಗದ್ದದ ಮೇಲೆ ಹುಟ್ಟಿನಿಂದ ಇರುವ ಕಣ್ಣಿಗೆ ಕಾಣದಂಥ ನವುರುಗೂದಲು ಒಂದೊಂದಾಗಿ ಕಪ್ಪಗೆ, ಗಡುಸಾಗಿ ಬದಲಾಗುತ್ತದೆ. ಏಳು ವರ್ಷ ನಾನು ದಾರ, ಕ್ರೀಮು, ಚಿಮಟಗಳ ಮೇಲೆ ಹೊರಿಸಿದ್ದ ಅಪರಾಧ ಇದರದು. ಯಾರಿಗಾದರೂ ಕೆಲವೇ ತಿಂಗಳಲ್ಲಿ ಒಮ್ಮೆಗೇ ಕೂದಲು ಬೆಳೆದು ಧ್ವನಿಯೂ ಗಡುಸಾಗುತ್ತಿದ್ದರೆ ಅವರು ತಡಮಾಡದೆ ವೈದ್ಯರನ್ನು ಕಾಣಬೇಕೆಂದೂ, ಅದರ ಹಿಂದೆ ಗೆಡ್ಡೆ ಇರಬಹುದೆಂದೂ ವೈದ್ಯರು ಹೇಳಿದರು, ನನ್ನದು ಹಾಗಿರಲಿಲ್ಲ.

ಹಾರ್ಮೋನನ್ನು ಇಳಿಸಲು ಮಾತ್ರೆಗಳು ಶುರುವಾದವು, ಮೊದಲನೆಯದೇ ಗರ್ಭನಿರೋಧಕ ಮಾತ್ರೆ. ಔಷಧ ಅಂಗಡಿಯವ "ಯಾರಿಗ್ರೀ ಇದು?" ಎಂದು ನನ್ನ ಕುತ್ತಿಗೆಯನ್ನು ನೋಡಿದ, ತಾಳಿ ಇರಲಿಲ್ಲ. ಒಂದು ವಾರದೊಳಗೆ ಅವ್ವನ ಕೈಗೆ ಆ ಚೀಟಿ ಸಿಕ್ಕಿ ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವಳನ್ನೇ ವೈದ್ಯರ ಬಳಿ ಕರೆದುಕೊಂಡು ಹೋಗಿ ಅವರಿಂದಲೇ ಹೇಳಿಸಿದೆ. ಮೊದಲೇ ಹೀಗೆ ಮಾಡಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು. ಆರು ತಿಂಗಳ ಮೇಲೆ, ಆ ಹಾರ್ಮೋನಿನ ಪರಿಣಾಮವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಸೇರಿತು. ಅದನ್ನು ನುಂಗುವಾಗ ಬಸುರಾಗಬಾರದು, ಪೊಟ್ಯಾಸಿಯಂ ಮತ್ತು ರಕ್ತದೊತ್ತಡ ನೋಡಿಕೊಳ್ಳುತ್ತಿರಬೇಕು. ಹಾಗಾಗಿ ಗೆಳತಿಯ ಚೀಟಿ ನೋಡಿ ಕೊಂಡು ನುಂಗುವ ಮಾತ್ರೆ ಅದಲ್ಲ. ಮಾತ್ರೆಯ ಪರಿಣಾಮ ಕಾಣಲು ಆರು ತಿಂಗಳಾದರೂ ಬೇಕು, ಈಗಾಗಲೇ ಗಡುಸಾದ ಕೂದಲನ್ನು ಅದು ಉದುರಿಸುವುದೂ ಇಲ್ಲ. ಹೊಸವು ಗಡುಸಾಗದಂತೆ ತಡೆಯುತ್ತದೆ. ಇರುವ ಕೂದಲಿಗೆ ಲೇಸರ್ ಮಾಡಿಸಬಹುದು ಎಂದರು.

ಇಲ್ಲಿ ನಾನು ದುಡುಕಿದೆ. ಹುಬ್ಬಳ್ಳಿಯ ಒಂದು ಸೌಂದರ್ಯ ಕೇಂದ್ರದ "ಶಾಶ್ವತ ಮುಕ್ತಿ" ಎಂಬ ಫಲಕ ನೋಡಿ ಎಂಟು ಸರದಿಯ ಪ್ಯಾಕೇಜಿಗೆ 18,000 ರೂಪಾಯಿ ಮುಂಗಡ ಕಟ್ಟಿದೆ. ಯಂತ್ರ ಯಾವುದು ಎಂದು ಕೇಳಿದಾಗ ಅಲ್ಲಿದ್ದ ಹುಡುಗಿ "ಫಾರಿನ್ ಮಷೀನ್ರೀ" ಎಂದಳು. ಅದು ಲೇಸರೇ ಆಗಿರಲಿಲ್ಲ, ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಮಿಂಚಿಸುವ ಐಪಿಎಲ್ ಎಂಬುದು. ಎರಡನೆಯ ಸರದಿಯ ಮರುದಿನ ಗದ್ದದ ಮೇಲೆ ಆಯತಾಕಾರದ ಕಂದು ಗುರುತುಗಳು ಸಾಲಾಗಿ ಎದ್ದವು. ಹಣ ಮರಳಿ ಕೇಳಿದರೆ, ನಾನು ಓದದೆ ಸಹಿ ಮಾಡಿದ್ದ ಕಾಗದ ತೋರಿಸಿದರು. ಗುರುತು ಮಾಯಲು ಐದು ತಿಂಗಳು ಹಿಡಿಯಿತು. ಅಷ್ಟು ದಿನ ಬೇರೆ ಯಾವ ಚಿಕಿತ್ಸೆಯೂ ಇಲ್ಲ.

ನಡೆದದ್ದೇನೆಂಬುದನ್ನು ವೈದ್ಯರು ಆಮೇಲೆ ವಿವರಿಸಿದರು. 1983ರಲ್ಲಿ ರಾಕ್ಸ್ ಆ್ಯಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಪ್ರಕಟಿಸಿದ ಒಂದು ತತ್ತ್ವದ ಮೇಲೆ ಇದೆಲ್ಲ ನಿಂತಿದೆ: ಸರಿಯಾದ ತರಂಗಾಂತರದ ಬೆಳಕನ್ನು ಸರಿಯಾದ ಅವಧಿಗೆ ಹಾಯಿಸಿದರೆ ಬಣ್ಣವಿರುವ ಗುರಿ ಮಾತ್ರ ಕಾದು ಸುತ್ತಲಿನದು ಉಳಿಯುತ್ತದೆ. ಕೂದಲಿನಲ್ಲಿ ಆ ಬಣ್ಣ ಮೆಲನಿನ್. ಆದರೆ ನಮ್ಮ ಚರ್ಮದಲ್ಲೂ ಮೆಲನಿನ್ ಇದೆ. 755 ನ್ಯಾನೊಮೀಟರಿನ ಅಲೆಕ್ಸಾಂಡ್ರೈಟ್ ಎಂಬ ಲೇಸರಿನ ಬೆಳಕನ್ನು ಮೆಲನಿನ್ ಬಹಳವಾಗಿ ಹೀರುತ್ತದೆ, 810ರ ಸುತ್ತಿನ ಡಯೋಡಿನದನ್ನು ಸ್ವಲ್ಪ ಕಡಿಮೆ; 1064ರ ಎನ್‌ಡಿ ಯಾಗ್ ಬೆಳಕನ್ನು ಇನ್ನೂ ಕಡಿಮೆ ಹೀರುವುದರಿಂದ ಅದು ಮೇಲ್ಪದರವನ್ನು ಸುಡದೆ ಆಳಕ್ಕಿಳಿಯುತ್ತದೆ. ಕಪ್ಪು, ಕಂದು ಮೈಯವರಿಗೆ ಕೊನೆಯದೇ ಹೆಚ್ಚು ಕ್ಷೇಮ. ಆದ್ದರಿಂದ ಯಂತ್ರದ ಹೆಸರು, ತರಂಗಾಂತರ, ಪ್ರತಿ ಸರದಿಯಲ್ಲಿ ಬಳಸಿದ ಶಕ್ತಿಯ ಪ್ರಮಾಣ (ಜೂಲ್‌ಗಳಲ್ಲಿ) ಇವನ್ನು ಫೈಲಿನಲ್ಲಿ ಬರೆಸಿಕೊಳ್ಳದೆ ಹಣ ಕೊಡಬಾರದು, ಮೊದಲು ಕಿವಿಯ ಕೆಳಗೆ ಒಂದೆರಡು ಚುಕ್ಕೆ ಹಾಕಿಸಿ ನೋಡಬೇಕು.

2022ರ ಜನವರಿಯಿಂದ ಒಂದು ವರ್ಷ, ಆರು ವಾರಕ್ಕೊಂದರಂತೆ ಎಂಟು ಸರದಿ, ವೈದ್ಯರ ಕ್ಲಿನಿಕ್ಕಿನಲ್ಲೇ ಎನ್‌ಡಿ ಯಾಗ್ ಲೇಸರ್ ಮಾಡಿಸಿಕೊಂಡೆ. ಆಗ ಸರದಿಗೆ 2,500, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 2,950. ಸೌಂದರ್ಯ ಚಿಕಿತ್ಸೆಯೆಂದು ವಿಮೆಯವರು ಬಿಲ್ಲನ್ನು ಹಿಂದಿರುಗಿಸಿದರು. ಷರತ್ತು ಒಂದೇ: ನಾಲ್ಕು ವಾರ ಮೊದಲಿನಿಂದ ದಾರ, ಚಿಮಟ, ವ್ಯಾಕ್ಸ್ ಯಾವುದೂ ಬೇಡ, ರೇಜರ್ ಮಾತ್ರ ಸೈ. ಬೆಳಕು ಬುಡಕ್ಕೆ ತಲುಪಲು ಬುಡದಲ್ಲಿ ಕೂದಲು ಇರಲೇಬೇಕಲ್ಲವೇ! ಏಳು ವರ್ಷ ನಿಷಿದ್ಧವಾಗಿದ್ದ ರೇಜರೇ ಚಿಕಿತ್ಸೆಗೆ ಅನುಮತಿಯಿದ್ದ ಏಕೈಕ ಸಾಧನವಾಯಿತು. ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅರಿಶಿನದ ದಿನ ಹೆಂಗಸರೆಲ್ಲ ಸಾಲಾಗಿ ದಾರ ಹಾಕಿಸಿಕೊಳ್ಳುವಾಗ ನಾನು ಒಲ್ಲೆನೆಂದು ಎದ್ದುಹೋದದ್ದಕ್ಕೆ ಆಡಿಕೊಂಡವರಿದ್ದಾರೆ.

ಲೇಸರ್ ಬಡಿತ ಬಿಗಿಯಾದ ರಬ್ಬರ್ ಬ್ಯಾಂಡ್ ಹೊಡೆದಂತಿರುತ್ತದೆ, ಜೊತೆಗೆ ಸುಟ್ಟ ಕೂದಲ ವಾಸನೆ. ಹತ್ತನೆಯ ದಿನದ ಹೊತ್ತಿಗೆ ಗದ್ದದ ತುಂಬ ಕಪ್ಪು ಚುಕ್ಕೆಗಳು ಏಳುತ್ತವೆ. ಮೊದಲ ಸಲ, ಮತ್ತೆ ಬೆಳೆದವೆಂದು ಅತ್ತೆ. ಅವು ಬೆಳೆಯುತ್ತಿರುವ ಕೂದಲಲ್ಲ. ಸತ್ತ ಕೂದಲನ್ನು ಚರ್ಮ ಹೊರದೂಡುತ್ತಿರುವುದು. ಇನ್ನೊಂದು ವಾರದಲ್ಲಿ ಮುಖ ತೊಳೆಯುವಾಗಲೇ ಉದುರಿದವು. ಬೆಳೆಯುವ ಹಂತದಲ್ಲಿರುವ ಕೂದಲಿಗೇ ಲೇಸರ್ ಚೆನ್ನಾಗಿ ತಾಗುವುದರಿಂದ, ಉಳಿದವು ಆ ಹಂತಕ್ಕೆ ಬರುವುದನ್ನು ಕಾಯುತ್ತ ಸರದಿಗಳನ್ನು ಬಿಡಿಬಿಡಿಯಾಗಿ ಇಡುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಈ ಯಂತ್ರಗಳಿಗೆ ಒಪ್ಪಿರುವ ಮಾತು ಕೂದಲಿನ "ಶಾಶ್ವತ ಇಳಿಕೆ" ಎಂಬುದಷ್ಟೇ. ನನಗೆ ಎಂಟನೆಯ ಸರದಿಯ ಹೊತ್ತಿಗೆ ಮುಕ್ಕಾಲು ಪಾಲು ಹೋಗಿತ್ತು. ಆದರೆ ದವಡೆಯ ಅಂಚಿನಲ್ಲಿ, ಮೊದಲು ಏನೂ ಇಲ್ಲದಿದ್ದ ಜಾಗದಲ್ಲಿ, ಹೊಸ ಕೂದಲು ಕಂಡಿತು. ಲೇಸರ್ ಕೆಲವೊಮ್ಮೆ ಸುತ್ತಲಿನ ನವುರುಗೂದಲನ್ನು ಕೊಲ್ಲುವಷ್ಟು ಕಾಯಿಸದೆ ಎಬ್ಬಿಸಿಬಿಡುತ್ತದೆ. ಕಂದು ಮೈಯ, ಹಾರ್ಮೋನಿನ ತೊಂದರೆಯಿರುವ ಹೆಂಗಸರ ಮುಖ ಮತ್ತು ಕುತ್ತಿಗೆಯಲ್ಲಿ ಇದು ಹೆಚ್ಚು. ಕೂದಲು ತೆಗೆಯುವ ಕ್ರಿಯೆಯೇ ಕೂದಲು ಬೆಳೆಸಿದ್ದನ್ನು ನಾನು ಕಂಡದ್ದು ಇಲ್ಲಿ ಮಾತ್ರ, ಎಲ್ಲರೂ ಅಂಜುವ ಬ್ಲೇಡಿನಲ್ಲಿ ಅಲ್ಲ. ವೈದ್ಯರು ಅಲ್ಲಿಗೇ ಲೇಸರ್ ನಿಲ್ಲಿಸಿದರು. ನರೆತ ಎರಡು ಕೂದಲಿಗೂ ಅದು ನಾಟಿರಲಿಲ್ಲ. ಬಣ್ಣವಿಲ್ಲದ್ದನ್ನು ಆ ಬೆಳಕು ಕಾಣದು.

ಉಳಿದದ್ದು ಎಲೆಕ್ಟ್ರಾಲಿಸಿಸ್. ಅದನ್ನು ಮೊದಲು ಬರೆದು ದಾಖಲಿಸಿದವರು ಚಾರ್ಲ್ಸ್ ಮಿಶೆಲ್ ಎಂಬ ಕಣ್ಣಿನ ವೈದ್ಯರು, 1875ರಲ್ಲಿ, ಒಳಮುಖವಾಗಿ ಬೆಳೆದು ಕಣ್ಣು ಚುಚ್ಚುವ ರೆಪ್ಪೆಗೂದಲಿನ ಚಿಕಿತ್ಸೆಗಾಗಿ. ಅವರದೂ ಟ್ರಾಟರ್ ಇದ್ದ ಸೇಂಟ್ ಲೂಯಿಸ್ ನಗರವೇ; ಬ್ಲೇಡಿನ ಅಪವಾದ ಕಳೆದದ್ದೂ ಸೂಜಿಯ ಉಪಾಯ ಹೊಳೆದದ್ದೂ ಒಂದೇ ಊರಿನಲ್ಲಿ. ರೋಮಕೂಪದೊಳಗೆ ಕೂದಲಿನ ಪಕ್ಕದಲ್ಲೇ ಕೂದಲಿನಷ್ಟೇ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸುತ್ತಾರೆ. ನೇರ ವಿದ್ಯುತ್ತಾದರೆ ಅಲ್ಲಿನ ಉಪ್ಪು ನೀರಿನಿಂದ ಕಾಸ್ಟಿಕ್ ಸೋಡಾ ಹುಟ್ಟಿ ಬುಡವನ್ನು ಕರಗಿಸುತ್ತದೆ. ಅಧಿಕ ಆವರ್ತನದ್ದಾದರೆ ಶಾಖ ಅದೇ ಕೆಲಸ ಮಾಡುತ್ತದೆ. ಕೂದಲಿನ ಬಣ್ಣ, ಮೈಬಣ್ಣ ಯಾವುದೂ ಲೆಕ್ಕಕ್ಕಿಲ್ಲ. ತೊಡಕೆಂದರೆ ಒಂದೊಂದೇ ಕೂದಲು, ಮತ್ತು ನನ್ನ ಹುಡುಕಾಟಕ್ಕೆ ಹತ್ತಿರದಲ್ಲಿ ಇದನ್ನು ಬಲ್ಲವರು ಸಿಗಲಿಲ್ಲ.

ಹಾಗಾಗಿ 2023ರ ಜೂನ್‌ನಿಂದ ಪ್ರತಿ ತಿಂಗಳ ಎರಡನೆಯ ಶನಿವಾರಕ್ಕೆ, ಕಾಲೇಜಿಗೆ ರಜೆ ಇರುವ ದಿನ, ಶುಕ್ರವಾರದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಚಿಮಟಕ್ಕೆ ಸಿಗುವಷ್ಟು ಕೂದಲು ಹೊರಗಿರಬೇಕಾದ್ದರಿಂದ ಬುಧವಾರದಿಂದಲೇ ರೇಜರ್ ಬಂದ್. ಗುರುವಾರ, ಶುಕ್ರವಾರ ಕೆಮ್ಮೆಂದು ಹೇಳಿ ಮಾಸ್ಕಿನಲ್ಲಿ ಪಾಠ. "ಮೇಡಂ, ನಿಮಗೆ ತಿಂಗಳಿಗೊಮ್ಮೆ ಕೆಮ್ಮು ಬರ್ತದಲ್ರೀ" ಎಂದು ಒಬ್ಬ ವಿದ್ಯಾರ್ಥಿನಿ ಗಮನಿಸಿಯೂಬಿಟ್ಟಳು. ಗಂಟೆಗೆ 1,200 ರೂಪಾಯಿ. ಮೊದಲ ಒಂಬತ್ತು ಸಲ ಒಂದೊಂದು ಗಂಟೆ, ನಂತರ ಅರ್ಧರ್ಧ ಗಂಟೆ. ಮರಗಟ್ಟಿಸುವ ಮುಲಾಮು ಹಚ್ಚಿದರೂ ಮೇಲ್ದುಟಿಯ ಹತ್ತಿರ ಕಣ್ಣೀರು ತಾನಾಗಿ ಬರುತ್ತದೆ. ಮರುದಿನ ಸಾಸಿವೆಯಂಥ ಹಕ್ಕಳೆ ಕಟ್ಟುತ್ತದೆ. ಕೆರೆದು ತೆಗೆದರೆ ಕಲೆ ಖಚಿತ. ಸರಿಯಾಗಿ ಸತ್ತ ಬುಡದ ಕೂದಲು ಎಳೆತವೇ ಇಲ್ಲದೆ ಜಾರಿ ಬರುತ್ತದೆ. ಎಳೆತ ತಿಳಿದರೆ ಅದು ಮತ್ತೆ ಬಂದೇ ಬರುತ್ತದೆ. ನನ್ನದರಲ್ಲಿ ಹಲವು ಎರಡು ಮೂರು ಸಲ ಬಂದವು. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ರೋಮಕೂಪವೇ ಸೊಟ್ಟಗಾಗಿರುತ್ತದೆ, ನೇರವಾದ ಸೂಜಿ ಅದರ ಬುಡ ಮುಟ್ಟುವುದು ಕಷ್ಟ ಎಂದು ಎಲೆಕ್ಟ್ರಾಲಜಿಸ್ಟ್ ಹೇಳಿದಾಗ ನನ್ನ ಚಿಮಟದ ನೆನಪಾಯಿತು.

ಹದಿನೇಳು ಪ್ರಯಾಣಗಳ ನಂತರ ಕುಳಿತು ಲೆಕ್ಕ ಹಾಕಿದೆ. ಮಾತ್ರೆ, ಪರೀಕ್ಷೆ, ಹಾಳಾದ ಪ್ಯಾಕೇಜು, ಲೇಸರ್, ಸೂಜಿ, ರೈಲು ಮತ್ತು ಊಟ ಸೇರಿ ಸುಮಾರು ಒಂದು ಲಕ್ಷ ರೂಪಾಯಿ. ಮಾತ್ರೆ ಇನ್ನೂ ಮುಂದುವರಿದಿದೆ. ಹಾರ್ಮೋನು ಮತ್ತೆ ಏರಿದರೆ, ಇವತ್ತಿನವರೆಗೆ ಸುಮ್ಮನಿರುವ ಬೇರೆ ನವುರುಗೂದಲುಗಳು ಗಡುಸಾಗಬಹುದು, ಅದಕ್ಕೆ ಸತ್ತ ಬುಡಗಳು ಹೊಣೆಯಲ್ಲ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಇದೆ. ದವಡೆಯ ಅಂಚಿನ ತೆಳುಗೂದಲನ್ನು ಹಾಗೆಯೇ ಬಿಟ್ಟಿದ್ದೇನೆ. ಮದುವೆ ಮುಂಜಿ ಇದ್ದಾಗ ಮಾತ್ರ ಹಿಂದಿನ ರಾತ್ರಿ ಒಮ್ಮೆ ರೇಜರ್ ಆಡಿಸುತ್ತೇನೆ. ಅದಕ್ಕೀಗ ಬಚ್ಚಲುಮನೆಯ ಗೂಡಿನಲ್ಲಿ ಅಪ್ಪನದರ ಪಕ್ಕ ಜಾಗವಿದೆ, ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟಿದ್ದೇನೆ.